ನಮ್ಮ ಗಿಣಿ ನನ್ನನ್ನು ಮಾತ್ರ ಕಚ್ಚುತ್ತೆ. ಮನೆಯಲ್ಲಿ ಬೇರೆ ಯಾರನ್ನೂ ಅಲ್ಲ!

ಹೋಳಿಗೆಯಪ್ಪ, ಮೈಸೂರು
ಶನಿವಾರ ರಾತ್ರಿ 10:47

ಎಲ್ಲರಿಗೂ ನಮಸ್ಕಾರ. ಬಲಗೈ ಹೆಬ್ಬೆರಳಿಗೆ ಪಟ್ಟಿ ಹಾಕಿಕೊಂಡು ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ನಮ್ಮ ಮನೆಯಲ್ಲಿ ಒಂದು ಸನ್ ಕನ್ಯೂರ್ ಇದೆ, ಹಳದಿ ಬಣ್ಣದ ವಿದೇಶಿ ಗಿಣಿ. ವಯಸ್ಸು ಒಂದೂವರೆ ವರ್ಷ. ಮರಿಯಾಗಿದ್ದಾಗ ಮೈಯೆಲ್ಲ ಹಸಿರು ಜಾಸ್ತಿ ಇತ್ತು, ಮಗಳು ಪಚ್ಚೆ ಅಂತ ಹೆಸರಿಟ್ಟಿದ್ದಳು. ಆಮೇಲೆ ಹಳದಿ ಬರುತ್ತಾ ಬರುತ್ತಾ ಪೂರ್ತಿ ಬೇಳೆ ಹೋಳಿಗೆ ಬಣ್ಣ ಆಯಿತು. ಈಗ ಹೆಸರು ಹೋಳಿಗೆ.

ಕಣ್ಣು ಸರಿಯಾಗಿ ಬಿಡದ ಮರಿಯಿಂದ ಸಾಕಿದ್ದು ನಾನು. ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು, ಬೆಚ್ಚಗೆ ಕಲಸಿದ ಹಿಟ್ಟನ್ನು ಸಿರಿಂಜ್‌ನಲ್ಲಿ ಕುಡಿಸಿದ್ದೇನೆ. ಈಗ ಎರಡು ತಿಂಗಳಿಂದ ಅದಕ್ಕೆ ನಾನೇ ಶತ್ರು. ಸುಮ್ನೆ ಕುಕ್ಕುವುದಲ್ಲ, ಹಿಡಿದು, ಒಂದು ಸಲ ತಿರುಚಿ, ಆಮೇಲೆ ಬಿಡುತ್ತೆ. ಮಗಳ ಭುಜದ ಮೇಲೆ ಕೂತು ಹೋಂವರ್ಕ್ ಮಾಡಿಸುತ್ತೆ. ನನ್ನ ಹೆಂಡತಿಯ ಕೈಯಿಂದ ದಾಳಿಂಬೆ ತಿನ್ನುತ್ತೆ. ಅಮ್ಮನ ಸೆರಗಿನೊಳಗೆ ನುಗ್ಗಿ ಮಲಗುತ್ತೆ. ನಾನು ಕೈ ಚಾಚಿದರೆ ಮಾತ್ರ ರಕ್ತ.

ಬೈದು ನೋಡಿದೆ. ಕೊಕ್ಕಿಗೆ ಬೆರಳಲ್ಲಿ ತಟ್ಟಿದೆ. ಪಂಜರಕ್ಕೆ ಹಾಕಿ ಬಟ್ಟೆ ಮುಚ್ಚಿದೆ. ಏನೂ ಆಗಲಿಲ್ಲ. ಅಷ್ಟಾಗಿ ಮಾತು ಬರುವ ಜಾತಿ ಅಲ್ಲ ಇದು. ಆದರೂ ಒಂದು ಪದ ಕಲಿತಿದೆ. ಅದು ಕಚ್ಚಿ, ನಾನು "ಅಯ್ಯೋ" ಅಂದ ತಕ್ಷಣ, ಅದೂ "ಅಯ್ಯೋ" ಅನ್ನುತ್ತೆ. ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಾರೆ.

ಯಾರಿಗಾದರೂ ಹೀಗೆ ಆಗಿದೆಯಾ? ಏನು ಮಾಡಿದಿರಿ?


ಕಾಫಿಪುಡಿ
ರಾತ್ರಿ 10:52

ಕಚ್ಚಿಸಿಕೊಂಡಿದ್ದೂ ಅಲ್ಲದೆ ಅಣಕ ಬೇರೆ. ಕ್ಷಮಿಸಿ ಸರ್, ನಾನೂ ನಕ್ಕುಬಿಟ್ಟೆ.


ಹುಬ್ಬಳ್ಳಿ ಮಂದಿ
ರಾತ್ರಿ 10:58

ಅಣ್ಣಾರ, ನೀವು ಭಾಳ ಮುದ್ದು ಮಾಡೀರಿ, ಅದಕ್ಕ ಹಿಂಗಾಗೇದ. ನಮ್ಮ ಕಾಕಾ ಕೊಕ್ಕಿಗೆ ಒಂದು ಜೋರಾಗಿ ಕೊಡ್ತಿದ್ದರು, ಮತ್ತೆ ಕಚ್ಚಲಿಲ್ಲ ನೋಡ್ರಿ.


ರೆಕ್ಕೆಪುಕ್ಕ, ಬೆಂಗಳೂರು
ರಾತ್ರಿ 11:06

@ಹುಬ್ಬಳ್ಳಿ ಮಂದಿ, ಮತ್ತೆ ಕಚ್ಚಲಿಲ್ಲ ಸರಿ. ಕಾಕಾ ಹತ್ತಿರ ತಾನಾಗಿ ಬರುತ್ತಿತ್ತಾ?

ಹೊಡೆಯುವ ಸಲಹೆ ದಯವಿಟ್ಟು ಬೇಡ. ಈ ಹಕ್ಕಿ ತೂಗುವುದು 100-120 ಗ್ರಾಂ. ನಮ್ಮ ಕೈ ಅದರ ಇಡೀ ದೇಹಕ್ಕಿಂತ ದೊಡ್ಡದು. ಕೊಕ್ಕು ಅಂದರೆ ಉಗುರಿನ ಹಾಗೆ ಜೀವವಿಲ್ಲದ ವಸ್ತು ಅಂದುಕೊಂಡಿರುತ್ತಾರೆ. ಒಳಗೆ ಮೂಳೆ ಇದೆ, ನರ ಇದೆ, ರಕ್ತ ಓಡುತ್ತೆ. ಮರ ಹತ್ತುವಾಗ ಗಿಣಿಗೆ ಅದು ಮೂರನೇ ಕಾಲು, ತಿನ್ನುವಾಗ ಕೈ. ಹೊಸ ವಸ್ತು ಏನು ಅಂತ ತಿಳಿದುಕೊಳ್ಳುವುದೂ ಅದರಲ್ಲೇ.

ಹೋಳಿಗೆಯಪ್ಪ ಅವರೇ, ಕೆಲವು ಪ್ರಶ್ನೆ. ಕಚ್ಚುವುದು ಯಾವ ಹೊತ್ತಿನಲ್ಲಿ ಜಾಸ್ತಿ? ಕಚ್ಚಿದ ಮೇಲೆ ನೀವು ಏನು ಮಾಡುತ್ತೀರಿ, ಕೈ ಎಳೆದುಕೊಳ್ಳುತ್ತೀರಾ? ರಾತ್ರಿ ಎಷ್ಟು ಗಂಟೆಗೆ ಮಲಗುತ್ತೆ? ಮಗಳು ಮುದ್ದು ಮಾಡುವಾಗ ಎಲ್ಲಿ ಸವರುತ್ತಾಳೆ? ಕತ್ತಲೆ ಸಂದುಗೊಂದಿನಲ್ಲಿ ನುಗ್ಗುವ ಅಭ್ಯಾಸ ಇದೆಯಾ?


ಅಜ್ಜನ ಪಂಜರ
ರಾತ್ರಿ 11:15

ಇವೆಲ್ಲ ವಿದೇಶಿ ಹಕ್ಕಿ ತಂದರೆ ಬರುವ ತಲೆನೋವು. ನಮ್ಮ ಊರ ಹಸಿರು ಗಿಣಿ ಸಾಕಿ. ನಮ್ಮ ಅಜ್ಜನ ಕಾಲದಿಂದ ಹಜಾರದಲ್ಲಿ ಒಂದು ಇದ್ದೇ ಇದೆ. "ಯಾರು ಬಂದರು" ಅಂತ ಕೇಳುತ್ತೆ. ಯಾರನ್ನೂ ಕಚ್ಚಿಲ್ಲ.


ನೀಲಿಪೆನ್
ರಾತ್ರಿ 11:19

@ಅಜ್ಜನ ಪಂಜರ ಅದು ಕಾನೂನಿಗೆ ವಿರುದ್ಧ ಸರ್. ಕೊರಳಿಗೆ ಗುಲಾಬಿ ಪಟ್ಟಿ ಇರುವ ನಮ್ಮ ಗಿಣಿ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತೆ. ಹಿಡಿಯುವ ಹಾಗಿಲ್ಲ, ಮಾರುವ ಹಾಗಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ನಿಮ್ಮ ಹಜಾರದ ವಿಷಯ ಇಲ್ಲಿ ಬರೆಯದಿದ್ದರೆ ನಿಮಗೇ ಒಳ್ಳೆಯದು.


ಅಜ್ಜನ ಪಂಜರ
ರಾತ್ರಿ 11:24

ಹಾಗಾದರೆ ಇವತ್ತೇ ಬಾಗಿಲು ತೆಗೆದು ಹಾರಿಸಿಬಿಡಲಾ?


ನೀಲಿಪೆನ್
ರಾತ್ರಿ 11:26

ಬೇಡ! ಮನೆಯಲ್ಲಿ ಬೆಳೆದದ್ದಕ್ಕೆ ಹೊರಗೆ ಆಹಾರ ಹುಡುಕಲು ಬರಲ್ಲ. ಕಾಗೆಗೋ ಬೆಕ್ಕಿಗೋ ಸಿಗುತ್ತೆ. ಅರಣ್ಯ ಇಲಾಖೆಯವರಿಗೆ ಹೇಳಿ ಒಪ್ಪಿಸಿ, ಮುಂದೆ ಏನು ಅಂತ ಅವರು ನೋಡುತ್ತಾರೆ.


ಲಂಡನ್ ಲಕ್ಷ್ಮಣ
ರಾತ್ರಿ 11:31

ಇದನ್ನು ಓದಿ ನಗು ಬಂತು. ಅದೇ ಹಸಿರು ಗಿಣಿ ಇಲ್ಲಿ ಲಂಡನ್ ಪಾರ್ಕುಗಳಲ್ಲಿ ಹಿಂಡು ಹಿಂಡಾಗಿ ಹಾರುತ್ತೆ. ಯಾವ ಕಾಲದಲ್ಲೋ ಪಂಜರದಿಂದ ತಪ್ಪಿಸಿಕೊಂಡವುಗಳ ಮಕ್ಕಳು ಮೊಮ್ಮಕ್ಕಳು. ಹಿಮ ಬೀಳುವಾಗಲೂ ಕಿರುಚಿಕೊಂಡು ಹೋಗುತ್ತವೆ. ಆ ಸದ್ದು ಕೇಳಿದರೆ ನನಗೆ ನಮ್ಮ ಊರಿನ ಜೋಳದ ಹೊಲ ನೆನಪಾಗುತ್ತೆ, ಕವಣೆ ಹಿಡಿದು ಕಾಯುತ್ತಿದ್ದದ್ದು.


ಹೋಳಿಗೆಯಪ್ಪ
ರಾತ್ರಿ 11:40

@ರೆಕ್ಕೆಪುಕ್ಕ ನಿಮ್ಮ ಪ್ರಶ್ನೆ ನೋಡಿದರೆ ನಮ್ಮನೆಗೆ ಬಂದು ಹೋದ ಹಾಗಿದೆ.

ಹೊತ್ತು: ರಾತ್ರಿಯೇ ಜಾಸ್ತಿ, ಒಂಬತ್ತೂವರೆ ಮೇಲೆ. ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆಯೂ ಒಂದೊಂದು ಸಲ. ಕಚ್ಚಿದರೆ ಕೈ ಒದರುತ್ತೇನೆ, ಮತ್ತೇನು ಮಾಡಲಿ? ಪಂಜರ ಹಾಲ್‌ನಲ್ಲಿದೆ, ಟಿವಿ ಪಕ್ಕ. ಅಮ್ಮನ ಸೀರಿಯಲ್ ಮುಗಿಯುವುದು ಹತ್ತೂವರೆಗೆ, ಆಮೇಲೆ ನಾನು ನ್ಯೂಸ್ ನೋಡುತ್ತೇನೆ. ಮಲಗುವುದು ಹನ್ನೊಂದು. ಬೆಳಗ್ಗೆ ಐದೂವರೆಗೆ ಹಾಲಿನವನು ಬಂದಾಗ ಎಚ್ಚರ.

ಮಗಳು ತಲೆಯಿಂದ ಬಾಲದವರೆಗೂ ಸವರುತ್ತಾಳೆ, ಅದಕ್ಕೆ ತುಂಬಾ ಇಷ್ಟ, ರೆಕ್ಕೆ ಇಳಿಬಿಟ್ಟು ನಡುಗುತ್ತೆ. ಮತ್ತೆ ದಿವಾನ್ ಕೆಳಗೆ ಹಳೇ ಪೇಪರ್ ಇಟ್ಟಿದ್ದೇವೆ, ದಿನಾ ಅಲ್ಲಿ ನುಗ್ಗಿ ಪೇಪರ್ ಚೂರು ಚೂರು ಮಾಡುತ್ತೆ. ಅದು ಆಟ ಅಂದುಕೊಂಡಿದ್ದೆವು.


ರೆಕ್ಕೆಪುಕ್ಕ
ರಾತ್ರಿ 11:58

ಆಟ ಅಲ್ಲ, ಗೂಡು!

ಒಂದೂವರೆ ವರ್ಷ ಅಂದರೆ ನಿಮ್ಮ ಹೋಳಿಗೆಗೆ ಈಗ ಹದಿಹರೆಯ. ಕತ್ತಲೆ ಜಾಗ, ಹರಿಯಲು ಪೇಪರ್, ಬೆನ್ನು ಸವರುವ ಒಬ್ಬ ಜೊತೆಗಾತಿ, ರಾತ್ರಿ ಹನ್ನೊಂದರವರೆಗೆ ದೀಪ. ಹಗಲು ಉದ್ದವಾಗಿದೆ, ಮೊಟ್ಟೆ ಇಡುವ ಕಾಲ ಬಂತು ಅಂತ ಅದರ ಮೈಗೆ ನೀವೇ ಹೇಳಿಕೊಡುತ್ತಿದ್ದೀರಿ. ಗಂಡಾದರೂ ಹೆಣ್ಣಾದರೂ ಈ ಸಮಯದಲ್ಲಿ ಗೂಡು ಕಾಯುತ್ತೆ, ಜೋಡಿಯನ್ನು ಕಾಯುತ್ತೆ. ಅದರ ಲೆಕ್ಕದಲ್ಲಿ ಜೋಡಿ ನಿಮ್ಮ ಮಗಳು. ನೀವು ಬೇಲಿ ಹಾರಿ ಬಂದವರು.

ನಾಳೆಯಿಂದ ದಿವಾನ್ ಸಂದು ಮುಚ್ಚಿ. ಬೆನ್ನು, ರೆಕ್ಕೆಯ ಅಡಿ, ಬಾಲದ ಬುಡ, ಇವನ್ನು ಯಾರೂ ಮುಟ್ಟಬೇಡಿ. ತಲೆ, ಕೆನ್ನೆ, ಕತ್ತು ಮಾತ್ರ ಕೆರೆಯಿರಿ. ಅಮ್ಮನ ಸೆರಗಿನ ನಿದ್ದೆಯೂ ಸದ್ಯಕ್ಕೆ ಬೇಡ, ಅದೂ ಗೂಡೇ. ಹತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಪಂಜರವನ್ನು ಬೇರೆ ರೂಮಿಗೆ ಹಾಕಿ, ಇಲ್ಲವಾದರೆ ಮಲಗುವುದಕ್ಕೆ ಅಂತಲೇ ಒಂದು ಚಿಕ್ಕ ಪಂಜರ ಇಟ್ಟುಕೊಳ್ಳಿ. ಏಳೂವರೆ ಎಂಟಕ್ಕೆ ದೀಪ ಆರಿಸಿ.

ಇನ್ನೊಂದು ಅನುಮಾನ ಇದೆ. ರಾತ್ರಿ ಅದನ್ನು ಪಂಜರಕ್ಕೆ ಹಾಕುವವರು ಯಾರು?


ಹೋಳಿಗೆಯಪ್ಪ
ಭಾನುವಾರ ಬೆಳಗ್ಗೆ 7:20

ನಾನೇ. ಬೇರೆ ಯಾರಿಗೂ ಮನಸ್ಸು ಬರಲ್ಲ.


ಕಾಫಿಪುಡಿ
ಬೆಳಗ್ಗೆ 7:22

ಸಿಕ್ಕಿಬಿತ್ತು!


ಮಂಗಳೂರು ಮಾವಿನಕಾಯಿ
ಬೆಳಗ್ಗೆ 7:41

ನಮ್ಮಲ್ಲೂ ಇದೇ ಕತೆ ಮಾರಾಯ್ರೆ. ಹಣ್ಣು ಕೊಡುವುದು ಮನೆಯವರು, ಆಟ ಆಡಿಸುವುದು ಮಕ್ಕಳು, ಒಳಗೆ ಹಾಕುವ ಕೆಲಸ ಮಾತ್ರ ಅಪ್ಪನದ್ದು. ಶಾಲೆಯ ಪಿಟಿ ಮೇಷ್ಟ್ರ ಹಾಗೆ. ಯಾವ ಮಗುವಿಗೆ ಇಷ್ಟ ಆಗ್ತದೆ?


ಮಲೆನಾಡ ಹುಡುಗಿ
ಬೆಳಗ್ಗೆ 8:15

ಕೈ ಒದರಬೇಡಿ ಅಣ್ಣ. ನನ್ನ ಕಾಕಟೀಲ್ (ಜುಟ್ಟಿರುವ ಸಣ್ಣ ಗಿಣಿ) ಹಾಗೆ ಒದರಿಸಿಕೊಂಡು ಗೋಡೆಗೆ ಬಡಿದು ಎರಡು ದಿನ ರೆಕ್ಕೆ ಎತ್ತಲಿಲ್ಲ. ಅದೂ ಅಲ್ಲದೆ ಒದರಿದರೆ "ಕಚ್ಚಿದರೆ ಕೈ ಹೋಗುತ್ತೆ" ಅಂತ ಅದು ಕಲಿಯುತ್ತೆ. ಅದಕ್ಕೆ ಬೇಕಾಗಿದ್ದೂ ಅದೇ ತಾನೆ? ಕಿರುಚುವುದೂ ಬೇಡ. ನೀವು ಅಯ್ಯೋ ಅಂದರೆ ಅದಕ್ಕೆ ನಾಟಕ ನೋಡಿದ ಹಾಗೆ.


ಹುಬ್ಬಳ್ಳಿ ಮಂದಿ
ಬೆಳಗ್ಗೆ 8:32

ರಕ್ತ ಬರುವಾಗ ಮಂಗಳಾರತಿ ಹಾಡಬೇಕೇನ್ರಿ ಹಂಗಾದ್ರ?


ಮಲೆನಾಡ ಹುಡುಗಿ
ಬೆಳಗ್ಗೆ 8:40

ಹಾಡಿ, ಬೇಡ ಅಂದವರು ಯಾರು? 😄 ಹಲ್ಲು ಕಚ್ಚಿಕೊಂಡು, ಹತ್ತಿರದ ಕುರ್ಚಿ ಬೆನ್ನಿನ ಮೇಲೆ ಇಳಿಸಿ, ಅರ್ಧ ನಿಮಿಷ ಬೆನ್ನು ಹಾಕಿ ನಿಂತರೆ ಸಾಕು. ಮಾತಿಲ್ಲ, ನೋಟ ಇಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದುವರಿಸಿ. ನಮ್ಮ ಅಪ್ಪನಿಗೆ ಇದನ್ನು ಕಲಿಸುವುದು ಕಷ್ಟ ಆಯಿತು, ಹಕ್ಕಿಗೆ ಬೇಗ ಅರ್ಥ ಆಯಿತು.


ಬಿಸಿಲೂರು
ಬೆಳಗ್ಗೆ 9:05

ಹಸಿಮೆಣಸಿನಕಾಯಿ ಕೊಡುತ್ತಿದ್ದೀರಾ? ಖಾರ ತಿಂದರೆ ಗಿಣಿಗೆ ಸಿಟ್ಟು ಜಾಸ್ತಿ. ನಿಲ್ಲಿಸಿ ನೋಡಿ.


ಡಾಕ್ಟರಮ್ಮ
ಬೆಳಗ್ಗೆ 10:30

@ಬಿಸಿಲೂರು ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಾಕುವುದೇ ಇಲ್ಲ. ನಮ್ಮ ನಾಲಿಗೆಯಲ್ಲಿ ಉರಿ ಎಬ್ಬಿಸುವ ಅಂಶವನ್ನು ಹಿಡಿಯುವ ವ್ಯವಸ್ಥೆ ಅವುಗಳಲ್ಲಿ ಬೇರೆ ಥರ ಇದೆ. ಗಿಡಕ್ಕೂ ಅದರಿಂದ ಲಾಭ. ಪ್ರಾಣಿಗಳು ತಿಂದರೆ ಬೀಜ ಅಗಿದು ಹಾಳುಮಾಡುತ್ತವೆ, ಹಕ್ಕಿ ತಿಂದರೆ ದೂರ ಒಯ್ದು ಹಾಕುತ್ತೆ. (ಗಿಣಿ ಮಾತ್ರ ಬೀಜವನ್ನೂ ಒಡೆದು ತಿನ್ನುತ್ತೆ, ಅದು ಬೇರೆ ಮಾತು.) ಮೆಣಸಿನಕಾಯಿ ಧಾರಾಳವಾಗಿ ಕೊಡಿ, ಎ ವಿಟಮಿನ್ ಸಿಗುತ್ತೆ.

ನಾನು ಪಶುವೈದ್ಯೆ. ಒಂದು ಮಾತು ಹೇಳಬೇಕಿತ್ತು. ಇದ್ದಕ್ಕಿದ್ದ ಹಾಗೆ ಕಚ್ಚಲು ಶುರುಮಾಡಿದ ಹಕ್ಕಿಯನ್ನು ಮೊದಲು ಒಂದು ಸಲ ಡಾಕ್ಟರಿಗೆ ತೋರಿಸಿ, ಆಮೇಲೆ ಗುಣದ ಬಗ್ಗೆ ಮಾತಾಡೋಣ. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಕಾಡಿನಲ್ಲಿ ಸೋತು ಕೂತರೆ ಬೇಟೆಗೆ ಸಿಗುತ್ತೆ, ಹಾಗಾಗಿ ಕೊನೆವರೆಗೂ ಚೆನ್ನಾಗಿರುವ ಹಾಗೆ ತೋರಿಸಿಕೊಳ್ಳುತ್ತವೆ. ಹೊಸ ಪುಕ್ಕ ಮೂಡುವಾಗ ಕತ್ತಿನ ಮೇಲೆ ಮುಳ್ಳಿನ ಹಾಗೆ ಕಾಣುತ್ತಲ್ಲ, ಅದರೊಳಗೆ ರಕ್ತ ಇರುತ್ತೆ. ಉಲ್ಟಾ ಸವರಿದರೆ ನೋಯುತ್ತೆ, ಕಚ್ಚುತ್ತೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ತಗೊಳ್ಳಿ. ದಿನಾ ಬೆಳಗ್ಗೆ ತಿನ್ನುವ ಮುಂಚೆ ತೂಕ ಬರೆದಿಡಿ. ತೂಕ ಇಳಿಯುತ್ತಾ ಹೋದರೆ ನಮಗೆ ಮೊದಲು ಸಿಗುವ ಸುಳಿವು ಅದೇ. ಆಹಾರ ಏನು?


ಹೋಳಿಗೆಯಪ್ಪ
ಬೆಳಗ್ಗೆ 10:44

ಸೂರ್ಯಕಾಂತಿ ಬೀಜ. ಒಂದು ಬಟ್ಟಲು ತುಂಬಿಸಿ ಇಡುತ್ತೇವೆ. ಜೊತೆಗೆ ಹಣ್ಣು. ಅಂಗಡಿಯವನು ಅದೇ ಹಾಕಿ ಅಂದಿದ್ದ.

ಮೇಡಂ, ರೇಬಿಸ್ ಇಂಜೆಕ್ಷನ್ ಬೇಕಾ ನನಗೆ? ಅಮ್ಮ ನಿನ್ನೆಯಿಂದ ಪ್ರಾಣ ತಿನ್ನುತ್ತಿದ್ದಾರೆ.


ಡಾಕ್ಟರಮ್ಮ
ಬೆಳಗ್ಗೆ 11:02

ಬೇಡ. ರೇಬಿಸ್ ಹಾಲುಣಿಸುವ ಪ್ರಾಣಿಗಳ ಕಾಯಿಲೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಟಿಟಿ (ಧನುರ್ವಾಯು ಇಂಜೆಕ್ಷನ್) ತಗೊಂಡು ಎಷ್ಟು ವರ್ಷ ಆಯಿತು ನೋಡಿಕೊಳ್ಳಿ. ಊತ, ಕೆಂಪು, ಕೀವು ಬಂದರೆ ಡಾಕ್ಟರ್ ಹತ್ತಿರ ಹೋಗಿ. ಅಮ್ಮನಿಗೂ ನಿಮಗೂ ಯಾವತ್ತಾದರೂ ಜ್ವರ, ಒಣಕೆಮ್ಮು ಹಿಡಿದು ಬಿಡದಿದ್ದರೆ, ಮನೆಯಲ್ಲಿ ಗಿಣಿ ಇದೆ ಅಂತ ಡಾಕ್ಟರಿಗೆ ಹೇಳುವುದು ಮರೆಯಬೇಡಿ. ಒಣಗಿದ ಹಿಕ್ಕೆಯ ಧೂಳಿನಿಂದ ಬರುವ ಗಿಣಿಜ್ವರ ಒಂದಿದೆ. ಗೊತ್ತಾದರೆ ಔಷಧಿ ಇದೆ.

ಬರೀ ಸೂರ್ಯಕಾಂತಿ ಅಂದರೆ ಮೂರು ಹೊತ್ತೂ ಬೋಂಡ ತಿಂದ ಹಾಗೆ. ಎಣ್ಣೆ ಅಂಶ ಜಾಸ್ತಿಯಾಗಿ ಲಿವರ್‌ಗೆ ಕೊಬ್ಬು ಕೂರುತ್ತೆ. ನವಣೆ, ಸಜ್ಜೆ, ಮೊಳಕೆ ಕಟ್ಟಿದ ಹೆಸರುಕಾಳು, ನುಗ್ಗೆಸೊಪ್ಪು, ಕ್ಯಾರೆಟ್, ಸೀಬೆ, ಇವುಗಳ ಕಡೆ ನಿಧಾನಕ್ಕೆ ತಿರುಗಿಸಿ. ಒಳ್ಳೆಯ ಪೆಲೆಟ್ (ಹಕ್ಕಿಗೆಂದೇ ಮಾಡಿದ ಗುಳಿಗೆ ಆಹಾರ) ಸಿಕ್ಕರೆ ಅದೂ ಆಗಬಹುದು. ಒಂದೇ ದಿನ ಬದಲಾಯಿಸಬೇಡಿ, ಹಸಿದು ಕೂರುತ್ತೆ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ ಯಾವತ್ತೂ ಬೇಡ.


ಕಾಫಿಪುಡಿ
ಬೆಳಗ್ಗೆ 11:05

ಕಾಫಿ ಬೇಡ ಅಂದಿದ್ದು ನನಗೆ ನೋವಾಯಿತು ಮೇಡಂ.


ಸಿಡ್ನಿ ಕನ್ನಡತಿ
ಮಧ್ಯಾಹ್ನ 12:10

ನಾನ್‌ಸ್ಟಿಕ್ ತವಾ ಬಗ್ಗೆ ಯಾರೂ ಹೇಳಲಿಲ್ಲ. ತವಾ ಖಾಲಿ ಕಾದು ಹೊಗೆ ಎದ್ದರೆ ಆ ಗಾಳಿಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತೆ. ಅಡುಗೆಮನೆ ಹತ್ತಿರ ಪಂಜರ ಇಡಬೇಡಿ. ದೋಸೆಗೆ ಅಜ್ಜಿಯ ಕಬ್ಬಿಣದ ಕಾವಲಿಯೇ ಸರಿ.

ಕಚ್ಚುವ ವಿಷಯಕ್ಕೆ ಬಂದರೆ ನಿಮ್ಮದು ಏನೂ ಅಲ್ಲ. ಇಲ್ಲಿ ಬಿಳಿ ಕಾಕಟೂ ಗಿಣಿಗಳ ಹಿಂಡು ನಮ್ಮ ಬಾಲ್ಕನಿಗೆ ಬರುತ್ತೆ. ಮರದ ಕಟಕಟೆಯನ್ನು ಬಿಸ್ಕತ್ತಿನ ಹಾಗೆ ತಿಂದು ಹಾಕಿವೆ. ಓಡಿಸಲು ಹೋದರೆ ಹಳದಿ ಜುಟ್ಟು ಎತ್ತಿ ನನ್ನನ್ನೇ ಬೈಯುತ್ತವೆ. ಕಾನೂನು ಅವುಗಳ ಕಡೆ.


ನೀಲಿಪೆನ್
ಮಧ್ಯಾಹ್ನ 12:48

ಕಾನೂನು ಅಂದ ಮೇಲೆ ನೆನಪಾಯಿತು. @ಹೋಳಿಗೆಯಪ್ಪ ಸನ್ ಕನ್ಯೂರ್ ನೋಂದಣಿ ಮಾಡಿಸಿದ್ದೀರಾ? ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಆದಮೇಲೆ ಈ ಥರ ವಿದೇಶಿ ಹಕ್ಕಿಗಳನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ನಿಯಮ 2024ರಲ್ಲಿ ಬಂತು. ನೋಂದಣಿ ಬೇಕಾಗಿರುವುದು ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವವಕ್ಕೆ. ಬಜರಿಗರ್ ಮತ್ತು ಕಾಕಟೀಲ್ ಎಂಬ ಸಣ್ಣ ಗಿಣಿಗಳು ಆ ಪಟ್ಟಿಯಲ್ಲಿ ಇಲ್ಲ. ಕನ್ಯೂರ್ ಇದೆ.


ಹೋಳಿಗೆಯಪ್ಪ
ಮಧ್ಯಾಹ್ನ 1:03

ಇಲ್ಲ 😬 ನೋಡುತ್ತೇನೆ. ಗಿಣಿ ಕಚ್ಚಿದ್ದು ಸಾಲದು ಅಂತ ನೀವೂ ಕಚ್ಚಿದಿರಿ.


ಬಿಸಿಲೂರು
ಮಧ್ಯಾಹ್ನ 1:30

ರೆಕ್ಕೆ ಕತ್ತರಿಸಿಬಿಡಿ. ಹಾರೋಕೆ ಆಗದಿದ್ದರೆ ಜಂಬ ಇಳಿಯುತ್ತೆ.


ಮಲೆನಾಡ ಹುಡುಗಿ
ಮಧ್ಯಾಹ್ನ 1:34

ಖಾರದ ಸಲಹೆಗಿಂತ ಇದು ಕೆಟ್ಟದ್ದು ಅಣ್ಣಾ.


ರೆಕ್ಕೆಪುಕ್ಕ
ಮಧ್ಯಾಹ್ನ 1:52

ಫ್ಯಾನ್, ತೆರೆದ ಬಾಗಿಲು ಅಂತ ಕತ್ತರಿಸುವವರು ಇದ್ದಾರೆ, ಆ ವಾದ ಅರ್ಥ ಆಗುತ್ತೆ. ನಾನು ಕತ್ತರಿಸುವುದಿಲ್ಲ, ಹಕ್ಕಿ ಹೊರಗಿದ್ದಾಗ ಫ್ಯಾನ್ ಆರಿಸುತ್ತೇನೆ. ಆದರೆ ಕಚ್ಚುತ್ತೆ ಅಂತ ಕತ್ತರಿಸಿದರೆ ಉಲ್ಟಾ ಆಗುತ್ತೆ. ಹೆದರಿದ ಹಕ್ಕಿಗೆ ಮೊದಲ ದಾರಿ ಹಾರಿ ಹೋಗುವುದು. ಅದನ್ನು ಕಿತ್ತುಕೊಂಡರೆ ಉಳಿಯುವುದು ಕೊಕ್ಕು ಒಂದೇ.

ಹೋಳಿಗೆಯಪ್ಪ ಅವರೇ, ಒಂದು ಕೆಲಸ ಮಾಡಿ. ಒಂದು ವಾರ ಪುಸ್ತಕದಲ್ಲಿ ಬರೆಯಿರಿ. ಕಚ್ಚುವ ಮುಂಚೆ ಏನು ನಡೆಯುತ್ತಿತ್ತು, ಕಚ್ಚಿದ ಮೇಲೆ ಅದಕ್ಕೆ ಏನು ಸಿಕ್ಕಿತು. ಅಷ್ಟೇ. ಸಾಧ್ಯವಾದರೆ ರಾತ್ರಿ ಒಳಗೆ ಹಾಕುವಾಗ ಮಗಳ ಹತ್ತಿರ ವಿಡಿಯೊ ತೆಗೆಸಿ.


ಹೋಳಿಗೆಯಪ್ಪ
ಸೋಮವಾರ ರಾತ್ರಿ 9:15

ವಿಡಿಯೊ ತೆಗೆಸಿದೆ. ಇಲ್ಲಿ ಹಾಕಲು ಮಗಳು ಬಿಡುತ್ತಿಲ್ಲ, ಅವಳ ನೈಟ್‌ಡ್ರೆಸ್ ಕಾಣುತ್ತಂತೆ. ಬರೆದೇ ಹೇಳುತ್ತೇನೆ.

ನಿಧಾನಗತಿಯಲ್ಲಿ ನೋಡಿದೆವು. ಹೋಳಿಗೆ ಪರದೆ ಕಂಬಿಯ ಮೇಲೆ ಕೂತಿದೆ. ಹೊಟ್ಟೆ ಪುಕ್ಕ ಸಡಿಲವಾಗಿದೆ, ಒಂದು ಕಾಲು ಮಡಚಿಕೊಂಡಿದೆ. ನಾನು ಎದ್ದು ಬರುತ್ತೇನೆ. ಕೈ ಇನ್ನೂ ಎತ್ತಿಲ್ಲ, ಆಗಲೇ ಮಡಚಿದ ಕಾಲು ಕೆಳಗೆ ಬಂತು. ಮೈಗೆ ಪುಕ್ಕ ಅಂಟಿಕೊಂಡು ಸಣ್ಣಗಾಯಿತು. ಕೈ ಎತ್ತಿದೆ. ಕತ್ತಿನ ಹಿಂದಿನ ಪುಕ್ಕ ನಿಮಿರಿತು, ಬಾಲ ಬೀಸಣಿಗೆ ಹಾಗೆ ಬಿಚ್ಚಿತು. ಕಣ್ಣಿನ ಪಾಪೆ ಸಣ್ಣದು, ದೊಡ್ಡದು, ಮತ್ತೆ ಸಣ್ಣದು. ಎರಡು ಹೆಜ್ಜೆ ಹಿಂದೆ ಸರಿಯಿತು. ನಾನು ಇನ್ನೂ ಹತ್ತಿರ ಹೋದೆ. ತಲೆ ತಗ್ಗಿಸಿ ಬಾಯಿ ತೆರೆಯಿತು. ಆಮೇಲೆ ಕಚ್ಚಿತು.

ಕೈ ಎತ್ತಿದಾಗಿನಿಂದ ಕಚ್ಚುವವರೆಗೆ ಪೂರ್ತಿ ನಾಲ್ಕು ಸೆಕೆಂಡ್. ನಾಲ್ಕು ಸೆಕೆಂಡೂ ಬೇಡ ಬೇಡ ಅಂತಿದೆ. ವಿಡಿಯೊದಲ್ಲಿ ನನ್ನ ಮುಖ ಟಿವಿ ಕಡೆ ಇದೆ.


ಮಂಗಳೂರು ಮಾವಿನಕಾಯಿ
ರಾತ್ರಿ 9:21

ನ್ಯೂಸಲ್ಲಿ ಅಂಥದ್ದೇನು ಇತ್ತು?


ಹೋಳಿಗೆಯಪ್ಪ
ರಾತ್ರಿ 9:23

ನೆನಪಿಲ್ಲ ಅನ್ನುವುದೇ ನಾಚಿಕೆ.


ರೆಕ್ಕೆಪುಕ್ಕ
ರಾತ್ರಿ 9:40

ಇಷ್ಟು ಚೆನ್ನಾಗಿ ಗಮನಿಸಿದ್ದೀರಿ ಅಂದರೆ ಅರ್ಧ ಕೆಲಸ ಆಯಿತು. ಇನ್ನು ಮೇಲೆ ಆ ಕಾಲು ಕೆಳಗೆ ಬಂದ ಕ್ಷಣಕ್ಕೆ ನಿಲ್ಲಿ. ಅಲ್ಲೇ. ಒಂದು ಹೆಜ್ಜೆ ಹಿಂದೆ ಹೋಗಿ. ಕಚ್ಚದೆ ಹೇಳಿದರೂ ಅಪ್ಪನಿಗೆ ಕೇಳುತ್ತೆ ಅಂತ ಅದಕ್ಕೆ ಗೊತ್ತಾಗಲಿ.

ಈಗ ಸಂಬಳದ ವಿಷಯ. ಬಟ್ಟಲಿನಿಂದ ಸೂರ್ಯಕಾಂತಿ ಪೂರ್ತಿ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಇನ್ನು ಅದು ನಿಮ್ಮ ಕೈಯಿಂದ ಮಾತ್ರ ಸಿಗಬೇಕು, ಮಗಳ ಕೈಯಿಂದಲೂ ಬೇಡ. ಒಂದು ಐಸ್‌ಕ್ರೀಮ್ ಕಡ್ಡಿ ತೋರಿಸಿ. ಅದು ಕುತೂಹಲಕ್ಕೆ ಕೊಕ್ಕಿನಿಂದ ಮುಟ್ಟುತ್ತೆ. ಮುಟ್ಟಿದ ತಕ್ಷಣ "ಭೇಷ್" ಅನ್ನಿ, ಒಂದು ಬೀಜ ಕೊಡಿ. ಮೊದಲು ಪಂಜರದ ಹೊರಗಿನಿಂದ ಮಾಡಿ, ಬೆರಳು ಉಳಿಯುತ್ತೆ. ಐದು ನಿಮಿಷ ಸಾಕು, ದಿನಕ್ಕೆ ಎರಡು ಸಲ. ನಾಲ್ಕು ದಿನ ಆದಮೇಲೆ ಕಡ್ಡಿ ಎಲ್ಲಿ ಹೋದರೆ ಅಲ್ಲಿಗೆ ಅದು ಬರುತ್ತೆ. ಹಾಗೆ ಪಂಜರದೊಳಗೂ ಹೋಗುತ್ತೆ, ನೀವು ಮುಟ್ಟುವುದೇ ಬೇಡ.

ಇನ್ನೊಂದು. ಒಳಗೆ ಹೋದ ಕೂಡಲೇ ಬಾಗಿಲು ಹಾಕಬೇಡಿ. ಒಳಗೆ ಹೋಗಲಿ, ಬೀಜ ತಿನ್ನಲಿ, ಹೊರಗೆ ಬರಲಿ. ಸಂಜೆಯೆಲ್ಲ ಹತ್ತು ಸಲ ಹಾಗೆ. ಹನ್ನೊಂದನೇ ಸಲ ಬಾಗಿಲು ಹಾಕಿ.


ಅಜ್ಜನ ಪಂಜರ
ರಾತ್ರಿ 9:58

ನಾನು ಮೊನ್ನೆ ರಾತ್ರಿ ಸಿಟ್ಟು ಮಾಡಿಕೊಂಡಿದ್ದೆ, ಬಿಡಿ. ಇದನ್ನು ಓದಿ ಹಜಾರಕ್ಕೆ ಹೋಗಿ ನಮ್ಮದನ್ನು ನೋಡಿದೆ. ಯಾರನ್ನೂ ಕಚ್ಚಿಲ್ಲ ಅಂದೆನಲ್ಲ, ಯಾರೂ ಅದರ ಹತ್ತಿರ ಕೈಯೇ ಹಾಕಲ್ಲ. ಕಂಬಿಯ ಈ ಕಡೆ ನಾವು, ಆ ಕಡೆ ಅದು. ಅರಣ್ಯ ಇಲಾಖೆಯ ರೇಂಜ್ ಆಫೀಸ್‌ಗೆ ಫೋನ್ ಮಾಡುತ್ತೇನೆ. ಅಮ್ಮನಿಗೆ ಹೇಗೆ ಹೇಳುವುದು ಅಂತ ಯೋಚನೆ.


ಹುಬ್ಬಳ್ಳಿ ಮಂದಿ
ರಾತ್ರಿ 10:10

ಕಾಕಾಗೆ ಫೋನ್ ಹಚ್ಚಿ ಕೇಳಿದೆ. ಆ ಗಿಣಿ ಅವರ ಹತ್ರ ಬರ್ತಿರಲಿಲ್ಲಂತ. ಮೂಲ್ಯಾಗ ಕೂಡ್ತಿತ್ತಂತ. ಸರಿ, ನನ್ನ ಮಾತು ವಾಪಸ್.


ಹೋಳಿಗೆಯಪ್ಪ
ಮೂರು ವಾರದ ನಂತರ, ಭಾನುವಾರ ಸಂಜೆ 6:35

ಕೇಳಿದವರಿಗೆಲ್ಲ ಒಟ್ಟಿಗೆ ಹೇಳುತ್ತೇನೆ.

ಡಾಕ್ಟರಿಗೆ ತೋರಿಸಿದೆವು. ಪುಕ್ಕ, ಕೊಕ್ಕು, ಹಿಕ್ಕೆ ಎಲ್ಲ ನೋಡಿದರು, ತೊಂದರೆ ಇಲ್ಲ, ದಪ್ಪ ಇದೆ ಅಂದರು. 131 ಗ್ರಾಂ ಇತ್ತು, ಈಗ 124. ನುಗ್ಗೆಸೊಪ್ಪು ಮೊದಲು ಮುಖಕ್ಕೆ ಎಸೆಯಿತು, ಈಗ ಅದರಲ್ಲಿ ಸ್ನಾನ ಮಾಡುತ್ತೆ, ನಡುನಡುವೆ ತಿನ್ನುತ್ತೆ.

ದಿವಾನ್ ಕೆಳಗೆ ರಟ್ಟು ಹೊಡೆದೆ. ಎರಡು ದಿನ ಅದರ ಮುಂದೆ ಕೂತು ಕಿರುಚಿತು. ಪಕ್ಕದ ಮನೆಯವರು ಬಂದು ಕೇಳಿ ಹೋದರು. ಮಲಗುವ ಪಂಜರ ಮಗಳ ಓದುವ ರೂಮಿನಲ್ಲಿದೆ, ಎಂಟಕ್ಕೆ ದೀಪ ಆರುತ್ತೆ. ಅವಳು ಡೈನಿಂಗ್ ಟೇಬಲ್‌ನಲ್ಲಿ ಓದುತ್ತಾಳೆ, ಅಮ್ಮ ಸೀರಿಯಲ್ ಸೌಂಡ್ ಇಳಿಸಿದ್ದಾರೆ. ಮನೆಯಲ್ಲಿ ಯಾರು ಹೇಳಿದರೂ ಇಳಿಯದ ಸೌಂಡ್ ಅದು.

ಪುಸ್ತಕದಲ್ಲಿ ಮೊದಲ ವಾರ 11 ಸಲ ಕಚ್ಚಿದ್ದು ಬರೆದಿದ್ದೆ. ಎಂಟು ಸಲ ಪಂಜರಕ್ಕೆ ಹಾಕುವಾಗ, ಎರಡು ಸಲ ಅದು ಮಗಳ ಭುಜದ ಮೇಲಿದ್ದಾಗ. ಇನ್ನೊಂದು ನಾನು ಹೊಸ ಹೆಲ್ಮೆಟ್ ಹಾಕಿಕೊಂಡು ಬಂದಿದ್ದೆ, ಅದು ನನ್ನ ತಪ್ಪೇ. ಕಳೆದ ವಾರ ಎರಡು ಸಲ. ಎರಡೂ ಮೆತ್ತಗೆ, ಚರ್ಮ ಹರಿದಿಲ್ಲ.

ಕಡ್ಡಿ ಹಿಂದೆ ಬರುತ್ತೆ. ನಿನ್ನೆ ಕಡ್ಡಿ ಇಲ್ಲದೆ ಕೈ ಚಾಚಿದೆ. ನೋಡಿತು. ಕತ್ತಿನ ಪುಕ್ಕ ಸ್ವಲ್ಪ ಎದ್ದಿತು, ನಾನು ನಿಂತೆ. ಇಳಿಯಿತು. ಕೊಕ್ಕಿನಿಂದ ನನ್ನ ಬೆರಳು ಹಿಡಿಯಿತು, ನಿಜ ಹೇಳುತ್ತೇನೆ, ನನ್ನ ಬೆನ್ನು ತಣ್ಣಗಾಯಿತು. ಕೊಂಬೆ ಗಟ್ಟಿ ಇದೆಯಾ ಅಂತ ನೋಡುವ ಹಾಗೆ ಒಂದು ಸಲ ಒತ್ತಿ, ಮೇಲೆ ಹತ್ತಿ ಕೂತಿತು. ಕೂತು "ಅಯ್ಯೋ" ಅಂತು.


ಕಾಫಿಪುಡಿ
ಸಂಜೆ 6:38

ನನಗೆ ಕಣ್ಣಲ್ಲಿ ನೀರು ಬಂತು, ನಗುವಿಗೋ ಯಾವುದಕ್ಕೋ.


ರೆಕ್ಕೆಪುಕ್ಕ
ಸಂಜೆ 6:50

ಆ ಕೊಕ್ಕಿನ ಹಿಡಿತಕ್ಕೆ ಕೈ ಎಳೆದುಕೊಳ್ಳಲಿಲ್ಲವಲ್ಲ, ಅದು ದೊಡ್ಡದು. ಬಹಳ ಜನ ಅಲ್ಲೇ ಕೆಡಿಸಿಕೊಳ್ಳುತ್ತಾರೆ. ಕೊಂಬೆ ಅಲ್ಲಾಡಿತು ಅಂತ ಮುಂದಿನ ಸಲ ಗಟ್ಟಿಯಾಗಿ ಹಿಡಿಯುತ್ತೆ. ಅಂದ ಹಾಗೆ ಮತ್ತೆ ಕಚ್ಚುವ ದಿನಗಳು ಬರುತ್ತವೆ, ಪುಸ್ತಕ ಎಸೆಯಬೇಡಿ.


ನೀಲಿಪೆನ್
ಸಂಜೆ 7:02

ನೋಂದಣಿ?


ಹೋಳಿಗೆಯಪ್ಪ
ಸಂಜೆ 7:04

ಅರ್ಜಿ ಶುರುಮಾಡಿದ್ದೇನೆ ಸ್ವಾಮೀ! ಅಂಗಡಿಯವನು ಬಿಲ್ ಕೊಟ್ಟಿರಲಿಲ್ಲ, ಈಗ ಅವನ ಹಿಂದೆ ಅಲೆಯುತ್ತಿದ್ದೇನೆ. ತಗೊಳ್ಳುವವರು ಮೊದಲೇ ಕೇಳಿ ತಗೊಳ್ಳಿ.


ಮಂಗಳೂರು ಮಾವಿನಕಾಯಿ
ಸಂಜೆ 7:15

ಎಲ್ಲ ಸರಿ, ಹೋಳಿಗೆ ಅಂದರೆ ಕಾಯಿ ಹೋಳಿಗೆ ಬೆಳ್ಳಗಿರ್ತದಲ್ಲ? ಹಳದಿ ಅಂತ ಹೆಸರಿಟ್ಟದ್ದು ಹೇಗೆ?


ಮಲೆನಾಡ ಹುಡುಗಿ
ಸಂಜೆ 7:19

ಶುರುವಾಯಿತು. ಹೋಳಿಗೆ ಅಂದರೆ ಬೇಳೆ ಹೋಳಿಗೆ ಅಷ್ಟೇ.


ಹುಬ್ಬಳ್ಳಿ ಮಂದಿ
ಸಂಜೆ 7:21

ಶೇಂಗಾ ಹೋಳಿಗಿ ತಿಂದಿಲ್ಲೇನ್ರಿ ಯಾರೂ?


ಬಿಸಿಲೂರು
ಸಂಜೆ 7:40

ನಮ್ಮ ಮನೆಯ ಲವ್‌ಬರ್ಡ್ ನನ್ನ ಕನ್ನಡಕದ ಕಡ್ಡಿಯನ್ನು ಕಚ್ಚಿ ಕಚ್ಚಿ ತೆಳ್ಳಗೆ ಮಾಡಿದೆ. ನನ್ನನ್ನು ಕಚ್ಚಲ್ಲ, ಕನ್ನಡಕ ಮಾತ್ರ. ಖಾರ ಕೊಟ್ಟಿಲ್ಲ, ರೆಕ್ಕೆ ಕತ್ತರಿಸಿಲ್ಲ, ಬೈಯಬೇಡಿ. ಇದನ್ನು ಇಲ್ಲೇ ಕೇಳಲಾ, ಬೇರೆ ಶುರುಮಾಡಲಾ?